ಮಳೆಗಾಲದಲ್ಲಿ ನೂರು ಸಿಸಿ ಬೈಕಿನಲ್ಲಿ ಒಬ್ಬರೇ ಆಗುಂಬೆಗೆ

ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 60 ಕಿ.ಮೀ. ಪೆಟ್ರೋಲ್ ತೀರ್ಥಹಳ್ಳಿಯಲ್ಲೇ ತುಂಬಿಸಿಕೊಳ್ಳಿ.

ಹೊರಡುವ ಮುನ್ನ ಚೈನ್ ನೋಡಿ: ಕೆಳಭಾಗದ ನಡುವೆ ಬೆರಳಿನಿಂದ ಎತ್ತಿದರೆ 25 ಮಿ.ಮೀ.ನಷ್ಟು ಆಡಬೇಕು. ಬಿಗಿಯಾದರೆ ಬೇರಿಂಗ್ ಸವೆಯುತ್ತದೆ, ತೀರಾ ಸಡಿಲವಾದರೆ ಕಳಚುತ್ತದೆ. ಮಳೆ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ. ರಾತ್ರಿ ತಂಗಿದಲ್ಲಿ ಒರೆಸಿ, 90 ನಂಬರ್ ಗೇರ್ ಆಯಿಲ್ ಹಚ್ಚಿ. ಎಂಜಿನ್ ಮಿಸ್ಸಿಂಗ್ ಆದರೆ, ಅಂದರೆ ತಡೆತಡೆದು ಓಡಿದರೆ, ಆಫ್ ಮಾಡಿ, ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ತೆಗೆದು ನೀರು ಒರೆಸಿ. ಮಳೆಯಲ್ಲಿ ಹೆಚ್ಚಿನ ಸಲ ಕಾರಣ ಅದೇ.

ಆಗುಂಬೆಯಿಂದ ಸೋಮೇಶ್ವರದ ಕಡೆ ಘಾಟಿ ಇಳಿಯುವಾಗ ಎರಡನೇ ಗೇರ್‌ನಲ್ಲೇ ಇರಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ಪಾಚಿ ಕಟ್ಟಿದ ಅಂಚಿಗೆ ಚಕ್ರ ಇಳಿಸಲೇಬೇಡಿ. ಕತ್ತಲಾಗುವ ಮುನ್ನ ಘಾಟಿ ದಾಟಿ. ಮಂಜಿನಲ್ಲಿ ಬಸ್ಸಿನವರಿಗೆ ನೀವು ಕಾಣುವುದಿಲ್ಲ. ಉಂಬಳ (ಜಿಗಣೆ) ಹತ್ತಿದರೆ ಸುಣ್ಣ ಮುಟ್ಟಿಸಿ, ಬಿಡುತ್ತದೆ.