ಗಾಳಿ, ನೀರು, ಬಿಸಿಲು: ಯಂತ್ರ ಕೊಳ್ಳುವ ಮೊದಲು ಅಳತೆ ಮಾಡಿ

ಸ್ವಂತ ಕರೆಂಟ್ ಮಾಡಿಕೊಳ್ಳಬೇಕು ಅಂತ ನನ್ನ ಹತ್ತಿರ ಬರುವವರು ಮೊದಲು ಕೇಳುವುದು, "ಎಷ್ಟು ವ್ಯಾಟಿನ ಗಾಳಿಯಂತ್ರ ತಗೊಳ್ಳಲಿ?" ಅಂತ. ನಾನು ಕೇಳುವುದು, "ನಿಮ್ಮಲ್ಲಿ ಗಾಳಿ ಎಷ್ಟು ವೇಗವಾಗಿ ಬೀಸುತ್ತೆ, ಅಳೆದಿದ್ದೀರಾ?" ಇಂಥ ಸಣ್ಣ ಘಟಕಗಳನ್ನು ಕೂರಿಸುವುದೇ ನನ್ನ ಕೆಲಸ. ಹಾಕಿದ ದುಡ್ಡು ದಕ್ಕುತ್ತೋ ಇಲ್ವೋ ಅನ್ನುವುದು ಈ ಅಳತೆಯಲ್ಲೇ ತೀರ್ಮಾನವಾಗುತ್ತದೆ.

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ರೆಕ್ಕೆ ತಿರುಗುವ ವೃತ್ತದ ಅಗಲ 2 ಮೀಟರ್ ಅಂದುಕೊಳ್ಳಿ. ಗಾಳಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿದ್ದಾಗ ಆ ವೃತ್ತದಲ್ಲಿ ಹಾದುಹೋಗುವುದು ಸುಮಾರು 50 ವ್ಯಾಟ್. ವೇಗ 6 ಮೀಟರ್ ಆದರೆ 400 ವ್ಯಾಟ್ ದಾಟುತ್ತದೆ. ಅಷ್ಟನ್ನೂ ಯಾವ ಯಂತ್ರವೂ ಹಿಡಿಯಲಾರದು. ಶೇ. 59.3ಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ ಅಂತ ಜರ್ಮನಿಯ ಆಲ್ಬರ್ಟ್ ಬೆಟ್ಸ್ ಲೆಕ್ಕ ಹಾಕಿ ತೋರಿಸಿದ್ದಾರೆ. ಸಣ್ಣ ಯಂತ್ರ ಶೇ. 30 ಕೊಟ್ಟರೆ ಒಳ್ಳೆಯದೇ. ಅಂದರೆ 3 ಮೀಟರ್ ಗಾಳಿಗೆ ಕೈಗೆ ಸಿಗುವುದು 15 ವ್ಯಾಟ್. ಯಂತ್ರದ ಮೇಲೆ ಬರೆದಿರುವ ದೊಡ್ಡ ಸಂಖ್ಯೆ ಸಾಮಾನ್ಯವಾಗಿ 11-12 ಮೀಟರ್ ವೇಗದ ಗಾಳಿಯದು. ಅಂಥ ಗಾಳಿ ನಿಮ್ಮಲ್ಲಿ ದಿನಾ ಬೀಸುತ್ತಾ?

ಹಾಗಾಗಿ ವೇಗ ದಾಖಲಿಸುವ ಮೀಟರ್ ಹಾಕಿ, ಸಾಧ್ಯವಾದರೆ ಒಂದು ವರ್ಷ ಹಾಗೇ ಬಿಡಿ. ಸರಾಸರಿ ಒಂದನ್ನೇ ನೋಡಬೇಡಿ. ದಿನವಿಡೀ 3 ಮೀಟರ್ ಬೀಸುವ ಜಾಗಕ್ಕೂ, ಅರ್ಧ ದಿನ ಸುಮ್ಮನಿದ್ದು ಇನ್ನರ್ಧ ದಿನ 6 ಮೀಟರ್ ಬೀಸುವ ಜಾಗಕ್ಕೂ ಸರಾಸರಿ ಒಂದೇ. ಗಾಳಿಯ ಶಕ್ತಿ ಮಾತ್ರ ಎರಡನೆಯದರಲ್ಲಿ ನಾಲ್ಕು ಪಟ್ಟು ಜಾಸ್ತಿ.

ಮೀಟರನ್ನು ಯಂತ್ರ ನಿಲ್ಲುವ ಎತ್ತರದಲ್ಲೇ ಕಟ್ಟಿ. ಸುತ್ತ 150 ಮೀಟರ್ ಒಳಗಿನ ಮರ, ಕಟ್ಟಡಗಳಿಗಿಂತ ರೆಕ್ಕೆಯ ಕೆಳತುದಿ 9 ಮೀಟರ್ ಆದರೂ ಮೇಲಿರಬೇಕು. ಅದಕ್ಕಿಂತ ಕೆಳಗೆ ಗಾಳಿ ಸುಳಿಸುಳಿಯಾಗಿ ಬರುತ್ತದೆ. ಯಂತ್ರ ಅತ್ತಿತ್ತ ತಿರುಗುತ್ತಾ ಬೇರಿಂಗ್ ಸವೆಯುತ್ತದೆ, ಕರೆಂಟ್ ಬರಲ್ಲ. ತಾರಸಿ ಮೇಲೆ ಗಿಡ್ಡ ಕಂಬ ನೆಟ್ಟು ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಅಲುಗಾಟವೆಲ್ಲ ಗೋಡೆಗಿಳಿಯುತ್ತದೆ.

ಹತ್ತಿರದಲ್ಲಿ ಇಳಿಜಾರಿನ ತೊರೆ ಇದ್ದರೆ ಗಾಳಿ ಬಿಟ್ಟು ಮೊದಲು ಅದನ್ನು ನೋಡಿ. ಅಳೆಯುವುದೂ ಸುಲಭ. ನೀರನ್ನೆಲ್ಲ ಒಂದು ಪೈಪಿಗೆ ತಿರುಗಿಸಿ 20 ಲೀಟರ್ ಬಕೆಟ್ ಹಿಡಿಯಿರಿ. 4 ಸೆಕೆಂಡಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ನೀರು ಬೀಳುವ ಎತ್ತರ ತಿಳಿಯಲು ಮೇಲಿನಿಂದ ಕೆಳಗೆ ಪೈಪ್ ಎಳೆದು ನೀರು ತುಂಬಿಸಿ. ಕೆಳತುದಿ ಮುಚ್ಚಿ ಅಲ್ಲಿ ಪ್ರೆಷರ್ ಗೇಜ್ ಹಾಕಿ. ಅದು 1 ಬಾರ್ ತೋರಿಸಿದರೆ ಎತ್ತರ ಸುಮಾರು 10 ಮೀಟರ್. ಲೀಟರನ್ನೂ ಮೀಟರನ್ನೂ ಗುಣಿಸಿ, ಮತ್ತೆ 5ರಿಂದ ಗುಣಿಸಿ. ಇಲ್ಲಿ 250 ವ್ಯಾಟ್ ಬಂತು. ಕಡಿಮೆ ಅನ್ನಿಸುತ್ತೆ ಅಲ್ವಾ? ಆದರೆ ತೊರೆ ರಾತ್ರಿಯೂ ಹರಿಯುತ್ತದೆ. 24 ಗಂಟೆಗೆ 6 ಯೂನಿಟ್ ಆಯ್ತು. ದಿನಕ್ಕೆ 5 ಗಂಟೆಯ ಪೂರ್ತಿ ಬಿಸಿಲಿನಲ್ಲಿ ಇಷ್ಟೇ ತೆಗೆಯಲು 1200 ವ್ಯಾಟಿನ ಪ್ಯಾನೆಲ್ ಆದರೂ ಬೇಕು. ಅಳತೆಯನ್ನು ನೀರು ಅತಿ ಕಡಿಮೆ ಇರುವ ತಿಂಗಳಲ್ಲಿ ಮಾಡಿ. ತೊರೆಯನ್ನು ಪೂರ್ತಿ ಬತ್ತಿಸಬೇಡಿ, ಕೆಳಗೂ ಜೀವಗಳಿವೆ.

ತೊರೆ ಇಲ್ಲದವರಿಗೆ ಬಿಸಿಲೇ ಸುಲಭದ ದಾರಿ. ನೆರಳು ತಾಗದ ಜಾಗ ನೋಡಿ, ಪ್ಯಾನೆಲ್ ಕೆಳಗೆ ಗಾಳಿಯಾಡಲು ಸಂದು ಬಿಡಿ. ಪ್ಯಾನೆಲ್ ಕಾದಷ್ಟೂ ಕರೆಂಟ್ ಇಳಿಯುತ್ತದೆ. ಮೋಡ ಕವಿದಾಗ ಗಾಳಿ ಜೋರಾಗುವ ಜಾಗದಲ್ಲಿ ಎರಡನ್ನೂ ಒಂದೇ ಬ್ಯಾಟರಿಗೆ ಜೋಡಿಸುವುದು ನನಗೆ ತುಂಬಾ ಇಷ್ಟವಾದ ಏರ್ಪಾಡು. ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಚಾರ್ಜ್ ಕಂಟ್ರೋಲರ್ ಮಾತ್ರ ಎರಡಕ್ಕೂ ಬೇರೆ ಬೇರೆ ಇರಲಿ. ಇಲ್ಲವೇ ಎರಡಕ್ಕೂ ಆಗುವಂಥದ್ದೇ ತನ್ನಿ.

ಇನ್ನು ಗಾಳಿಯಂತ್ರದ ಜೋಡಣೆ. ಆಯಸ್ಕಾಂತದ ಜನರೇಟರಿನಿಂದ ಮೂರು ವೈರ್ ಹೊರಬರುತ್ತವೆ. ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನೋಡಿ, ಹಗುರವಾಗಿ ತಿರುಗುತ್ತದೆ. ಈಗ ಮೂರೂ ವೈರಿನ ತುದಿ ಸೇರಿಸಿ ಮತ್ತೆ ತಿರುಗಿಸಿ. ಒಳಗೆ ಯಾರೋ ಗಟ್ಟಿಯಾಗಿ ಹಿಡಿದಂತೆ ಬಿಗಿಯುತ್ತದೆ. ಇದೇ ನಿಮ್ಮ ಬ್ರೇಕ್. ಗಾಳಿ ತಗ್ಗಿರುವಾಗ, ವೈರ್ ಹೀಗೆ ಸೇರಿಸಿಟ್ಟುಕೊಂಡೇ ಕಂಬ ಎತ್ತಬೇಕು. ಕಂಟ್ರೋಲರಿಗೆ ಮೊದಲು ಬ್ಯಾಟರಿ ಜೋಡಿಸಿ, ನಡುವೆ ಫ್ಯೂಸ್ ಇರಲಿ. ಬ್ಯಾಟರಿ ತುಂಬಿದ ಮೇಲೆ ಹೆಚ್ಚುವರಿ ಕರೆಂಟನ್ನು ಶಾಖವಾಗಿ ಕಳೆಯುವ ಹೀಟರ್ ಕಾಯಿಲ್ ಆಮೇಲೆ. ಗಾಳಿಯಂತ್ರದ ವೈರ್ ಕೊನೆಗೆ. ಬಿಚ್ಚುವಾಗ ಮೊದಲು ಬ್ರೇಕ್ ಹಾಕಿ. ಲೋಡ್ ಇಲ್ಲದೆ ತಿರುಗಲು ಬಿಟ್ಟರೆ ರೆಕ್ಕೆಯ ವೇಗ ಏರುತ್ತಲೇ ಹೋಗಿ ಮುರಿದು ಹಾರಬಹುದು. ಕಂಬದ ಅರ್ಥಿಂಗ್ ಮರೆಯಬೇಡಿ. ಮೊದಲ ಜೋರು ಗಾಳಿ ಕಳೆದ ಮೇಲೆ ಎಳೆತಂತಿ, ಬೋಲ್ಟುಗಳನ್ನೆಲ್ಲ ಸ್ಪ್ಯಾನರ್ ಹಿಡಿದು ಮತ್ತೆ ಬಿಗಿ ಮಾಡಿ.