ಕೇಪ್‌ಟೌನ್ ವೈನ್ ಸೀಮೆಗೆ ಹೊರಡುವ ದಾವಣಗೆರೆ, ಚಿತ್ರದುರ್ಗದವರಿಗೆ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸುತ್ತಲಿನ ದ್ರಾಕ್ಷಿತೋಟ ನೋಡುವ ಆಸೆಯಿದ್ದರೆ ಮೊದಲು ತಿಂಗಳನ್ನು ಸರಿಯಾಗಿ ಆರಿಸಿ. ಅಲ್ಲಿ ಮಳೆ ಚಳಿಗಾಲದ್ದು. ನಮ್ಮಲ್ಲಿ ಮೆಕ್ಕೆಜೋಳ ಬಿತ್ತುವ ಜೂನ್, ಜುಲೈನಲ್ಲಿ ಅಲ್ಲಿ ತಣ್ಣನೆ ಮಳೆ, ಬಳ್ಳಿಗಳು ಎಲೆ ಉದುರಿಸಿ ಬೋಳಾಗಿರುತ್ತವೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಣ ಬಿಸಿಲು. ಕೊಯ್ಲು ಜನವರಿ ಕೊನೆಗೆ ಶುರುವಾಗಿ ಮಾರ್ಚ್‌ವರೆಗೆ ಸಾಗುತ್ತದೆ. ನಮ್ಮ ಮಟ್ಟಿಗೆ ಮಾರ್ಚ್ ಮೊದಲ ವಾರಗಳೇ ಒಳ್ಳೆಯವು: ಕೊಯ್ಲೂ ಸಿಗುತ್ತದೆ, ಗಾಳಿಯೂ ತಗ್ಗತೊಡಗಿರುತ್ತದೆ. ಮಕ್ಕಳ ರಜೆಗೇ ಕಾಯಬೇಕೆಂದರೆ ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಹಣ್ಣಿರುವುದಿಲ್ಲ, ಬಣ್ಣ ತಿರುಗಿದ ಎಲೆ ನೋಡಬಹುದು.

ಬೇಸಿಗೆಯಲ್ಲಿ ಆಗ್ನೇಯದಿಂದ ಬೀಸುವ ಗಾಳಿಗೆ ಅಲ್ಲಿನವರು ಕೇಪ್ ಡಾಕ್ಟರ್ ಎನ್ನುತ್ತಾರೆ. ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿಗೆ ಒಗ್ಗಿದವರಿಗೂ ಇದು ಜೋರೆನಿಸುತ್ತದೆ. ಅದು ಹೆಚ್ಚಾದ ದಿನ ಟೇಬಲ್ ಮೌಂಟನ್ ಕೇಬಲ್ ಕಾರ್ ನಿಲ್ಲುತ್ತದೆ. ಆದ್ದರಿಂದ ಬೆಟ್ಟವನ್ನು ಕೊನೆಯ ದಿನಕ್ಕೆ ಇಡಬೇಡಿ, ಗಾಳಿಯಿಲ್ಲದ ಮೊದಲ ದಿನವೇ ಹತ್ತಿಬಿಡಿ. ತೋಟಕ್ಕೆ ಮಾತ್ರ ಈ ಗಾಳಿ ವರ. ಎಲೆಯ ತೇವ ಒಣಗಿಸಿ ಶಿಲೀಂಧ್ರ ರೋಗ ತಗ್ಗಿಸುತ್ತದೆ, ಸಮುದ್ರದ ತಂಪು ತಂದು ಹಣ್ಣನ್ನು ನಿಧಾನವಾಗಿ ಮಾಗಿಸುತ್ತದೆ. ಬಿಸಿಲ ನಾಡಿನ ವೈನಿನಲ್ಲೂ ಹುಳಿ ಉಳಿಯುವುದು ಹೀಗೆ. ಇದೇ ಗಾಳಿ ಅಟ್ಲಾಂಟಿಕ್ ದಂಡೆಯ ಮೇಲ್ನೀರನ್ನು ಆಚೆ ತಳ್ಳುವುದರಿಂದ ಆಳದ ತಣ್ಣೀರು ಮೇಲೇಳುತ್ತದೆ. ಮಲ್ಪೆಯ ಬೆಚ್ಚನೆ ನೀರನ್ನು ನೆನೆದು ಆ ದಂಡೆಯ ಕ್ಯಾಂಪ್ಸ್ ಬೇಯಲ್ಲಿ ಇಳಿದರೆ ಕಾಲು ಜೋಮು ಹಿಡಿಯುತ್ತದೆ. ನೀರಿಗಿಳಿಯಬೇಕೆಂದರೆ ಫಾಲ್ಸ್ ಬೇ ಕಡೆಯ ಮ್ಯುಜೆನ್‌ಬರ್ಗ್ ವಾಸಿ. ಟೊಪ್ಪಿ, ಸನ್‌ಸ್ಕ್ರೀನ್ ಜೊತೆ ಒಂದು ಸ್ವೆಟರ್ ಕೂಡ ಇರಲಿ, ಸಂಜೆ ಬೇಕಾಗುತ್ತದೆ.

ಮೊದಲ ದಿನ ಕಾನ್‌ಸ್ಟಾನ್ಷಿಯಾ. ಕೇಪ್‌ಟೌನ್‌ಗೆ ಹತ್ತಿರ, ಅಲ್ಲಿನ ಗ್ರೂಟ್ ಕಾನ್‌ಸ್ಟಾನ್ಷಿಯಾ ತೋಟ 1685ರದು. ಮರುದಿನ ಸುಮಾರು 50 ಕಿ.ಮೀ. ದೂರದ ಸ್ಟೆಲೆನ್‌ಬಾಷ್‌ಗೆ ಹೋಗಿ. ಅಲ್ಲಿ ಪಿನೋಟಾಜ್ ಕೇಳಿ ಕುಡಿಯಿರಿ. 1925ರಲ್ಲಿ ಅಬ್ರಹಾಂ ಪೆರೋಲ್ಡ್ ಪಿನೊ ನ್ವಾರ್ ಮತ್ತು ಸಾಂಸೊ ದ್ರಾಕ್ಷಿ ತಳಿಗಳನ್ನು ಕೂಡಿಸಿ ಆ ಊರಿನಲ್ಲೇ ಪಡೆದ ತಳಿ ಅದು.

ದಿನಕ್ಕೆ ಎರಡು ತೋಟ ಸಾಕು. ಒಂದು ಕಡೆ ರುಚಿ ನೋಡಲು ನಾಲ್ಕರಿಂದ ಆರು ಬಗೆಯ ವೈನ್ ಸುರಿಯುತ್ತಾರೆ. ಅಳತೆ ಚಿಕ್ಕದಾದರೂ ಎರಡನೇ ತೋಟ ಮುಗಿಯುವಷ್ಟರಲ್ಲಿ ಲೆಕ್ಕ ಏರಿರುತ್ತದೆ. ಬರಿಹೊಟ್ಟೆಯಲ್ಲಿ ಕೂರಬೇಡಿ. ಬಿಳಿ ಮೊದಲು, ಕೆಂಪು ನಂತರ. ಬಾಯಲ್ಲಾಡಿಸಿ ಪಾತ್ರೆಗೆ ಉಗುಳುವುದು ಅಲ್ಲಿ ವಾಡಿಕೆ, ಸಂಕೋಚ ಬೇಡ. ವಾಹನ ನಮ್ಮಂತೆ ಎಡಗಡೆಯೇ ಓಡುತ್ತದೆಂದು ಸ್ಟೇರಿಂಗ್ ಹಿಡಿಯಬೇಡಿ, ಡ್ರೈವರ್ ಇರುವ ಗಾಡಿ ಗೊತ್ತುಮಾಡಿ. ಫ್ರಾನ್ಶ್‌ಹುಕ್ ಎಂಬ ಇನ್ನೊಂದು ವೈನ್ ಊರಿನಲ್ಲಿ ತೋಟದಿಂದ ತೋಟಕ್ಕೆ ಕರೆದೊಯ್ಯುವ ವೈನ್ ಟ್ರಾಮ್ ಇದೆ. ಸಸ್ಯಾಹಾರಿಗಳು ಊಟ ಕಾಯ್ದಿರಿಸುವಾಗಲೇ ಮೊಟ್ಟೆ, ಮೀನು ಬೇಡವೆಂದು ಬಿಡಿಸಿ ಹೇಳಬೇಕು.

ವೀಸಾ ಬೇಕು. ಇಥಿಯೋಪಿಯಾದ ಅಡಿಸ್ ಅಬಾಬಾ ಮೂಲಕ ಹೋಗುವ ಅಗ್ಗದ ಟಿಕೆಟ್ ಕಂಡರೆ ನಡುವಿನ ತಂಗುವಿಕೆ ನೋಡಿ. 12 ಗಂಟೆ ಮೀರಿದರೆ ಹಳದಿ ಜ್ವರದ ಲಸಿಕೆ ಪತ್ರ ಕೇಳುತ್ತಾರೆ, ಲಸಿಕೆ ಹಾಕಿಸಿದ 10 ದಿನದ ನಂತರವಷ್ಟೇ ಅದು ಊರ್ಜಿತ.

ಮರಳುವಾಗ ಒಬ್ಬರಿಗೆ ಸುಂಕವಿಲ್ಲದೆ 2 ಲೀಟರ್ ಮದ್ಯ ತರಬಹುದು, ಅಂದರೆ 750 ಮಿ.ಲೀ.ನ ಎರಡು ಬಾಟಲಿ. ಮೂರನೆಯದು ಮಿತಿ ದಾಟುತ್ತದೆ. ಬಟ್ಟೆ ಸುತ್ತಿ ಸೂಟ್‌ಕೇಸಿನ ನಡುವೆ ಇಡಿ. ಬೆಂಗಳೂರಿನಿಂದ ದಾವಣಗೆರೆಗೆ ಸುಮಾರು 260 ಕಿ.ಮೀ. ಮಾರ್ಚಿನ ಬಿಸಿಲಿಗೆ ಡಿಕ್ಕಿ ಕಾದು ವೈನ್ ಹಿಗ್ಗಿ ಬಿರಡೆ ಸಡಿಲವಾಗುತ್ತದೆ, ರುಚಿಯೂ ಕೆಡುತ್ತದೆ. ಬಾಟಲಿಗಳನ್ನು ಎಸಿ ಇರುವ ಕಡೆ, ಸೀಟಿನ ಕೆಳಗೆ ಇಟ್ಟುಕೊಳ್ಳಿ.