ಮೂಟೆ ಸೀನಿತು

ಗೆಳೆಯರಿಗಾಗಿ ನಾನೇ ಒಂದು ಆಟ ಕಟ್ಟಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ್ದು. ಕಥೆ ಹೇಳುವವನು ನಾನು, ಪಾತ್ರ ಆಡುವವರು ನಾಲ್ಕು ಜನ, ಆಗುತ್ತೋ ಇಲ್ವೋ ಅನ್ನೋದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ರಾಜ್ಯದ ಹೆಸರು ಇರುಳದುರ್ಗ. ಬೆಂಕಿಯುಗುಳುವ ಹಾವು ರಾಜಧಾನಿಯನ್ನು ಸುಟ್ಟು ಹೋಗಿದೆ. ಮುಂದಿನ ದೊರೆ ಯಾರು?

ಮೊದಲ ಭಾನುವಾರ ಪೂರ್ತಿ ಫ್ಲಾಪ್. ನಕ್ಷೆಯ ನಡುವೆ ಸಿಂಹಾಸನ ಇಟ್ಟಿದ್ದೆ. ನಾಲ್ವರೂ ಅಲ್ಲಿಗೇ ನುಗ್ಗಿದರು. ಮೂರು ಗಂಟೆ ಬಡಿದಾಡಿ ಒಬ್ಬ ಅದರ ಮೇಲೆ ಕೂತ. 'ಈಗೇನು ಮಾಡ್ಲಿ ಮಾರಾಯ?' ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಊರಲ್ಲಿ ಜನ ಇಲ್ಲ, ಕಣಜದಲ್ಲಿ ಕಾಳಿಲ್ಲ. ಸುಮ್ನೆ ಕಲ್ಲಿನ ಮೇಲೆ ಕೂತಂಗೆ.

ಆಗ ಹಂಪಿ ನೆನಪಾಯಿತು. 1565ರ ಯುದ್ಧದಲ್ಲಿ ಅಳಿಯ ರಾಮರಾಯ ಸತ್ತ ಮೇಲೆ ಅವನ ತಮ್ಮ ತಿರುಮಲ ಊರು ಕಾಯುತ್ತಾ ಕೂರಲಿಲ್ಲ. ಬೊಕ್ಕಸ ಹೇರಿಕೊಂಡು, ಹೆಸರಿಗೆ ಮಾತ್ರ ರಾಜನಾಗಿದ್ದ ಸದಾಶಿವರಾಯನನ್ನೂ ಕರೆದುಕೊಂಡು ಪೆನುಕೊಂಡೆಗೆ ಹೋದ. ರಾಜ್ಯ ಅವರ ಜೊತೆಗೇ ಹೋಯಿತು.

ಸಿಂಹಾಸನ ಅಳಿಸಿ ಹಾಕಿದೆ. ಅದರ ಬದಲು ಬೊಕ್ಕಸ, ರಾಜಮುದ್ರೆ, ರಾಜವಂಶದ ಎಂಟು ವರ್ಷದ ಒಬ್ಬ ಹುಡುಗ. ಮೂರೂ ಬೇರೆ ಬೇರೆ ಕೈಯಲ್ಲಿ.

ಮುದ್ರೆಯ ನಿಯಮ ಮೈಸೂರಿನಿಂದ ಬಂತು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಹಿಡಿದರು. ಅಷ್ಟಕ್ಕೇ ಬಿಡದೆ, ಆಮೇಲೆ ವಿಜಯನಗರದ ಚಕ್ರವರ್ತಿ ವೆಂಕಟಪತಿರಾಯನ ಒಪ್ಪಿಗೆಯನ್ನೂ ಪಡೆದರು. ನನ್ನ ಆಟದಲ್ಲೂ ಅಷ್ಟೇ: ಕೋಟೆ ಗೆದ್ದರೆ ಅರ್ಧ ಅಂಕ, ಮುದ್ರೆ ಒತ್ತಿಸಿಕೊಂಡರೆ ಪೂರ್ತಿ.

ನಾಯಕರ, ಅಂದರೆ ರಾಜನ ಕೆಳಗಿನ ಸರದಾರರ, ನಿಷ್ಠೆಯ ಲೆಕ್ಕಕ್ಕೆ ಹುಣಸೆ ಬೀಜ. ಚೌಕಾಬಾರದ ಡಬ್ಬಿಯಿಂದಲೇ ತೆಗೆದದ್ದು. ಮೊದಲು ತಲೆಗೆ ಇಪ್ಪತ್ತು ಕೊಟ್ಟಿದ್ದೆ, ಯಾರಿಗೂ ಯಾರ ಹಂಗೂ ಬೇಕಾಗಲಿಲ್ಲ. ಏಳಕ್ಕೆ ಇಳಿಸಿದ ದಿನವೇ ಅಡುಗೆಮನೆಯಲ್ಲಿ ಇಬ್ಬಿಬ್ಬರೇ ಪಿಸುಗುಡೋದು ಶುರುವಾಯಿತು. ಚಹಾ ಖರ್ಚೂ ಜಾಸ್ತಿಯಾಯಿತು, ಬಿಡಿ.

ನಾಲ್ಕನೇ ವಾರ ಹುಡುಗ ಶತ್ರುವಿನ ಅರಮನೆಯಲ್ಲಿ ಬಂದಿ. ಸೈನ್ಯವೇ ಇಲ್ಲದ ಗೆಳತಿಯೊಬ್ಬಳು ಕೇಳಿದಳು: 'ಅಲ್ಲಿ ಬಟ್ಟೆ ಒಗೆಯೋರು ಯಾರು?'

ನನ್ನ ಮೈ ಜುಮ್ಮೆಂದಿತು. 1614ರಲ್ಲಿ ವೆಂಕಟಪತಿರಾಯ ಸತ್ತ ಮೇಲೆ ಜಗ್ಗರಾಯ ಅನ್ನೋ ಸರದಾರ ಹೊಸ ರಾಜನ ಕುಟುಂಬವನ್ನೇ ಸೆರೆಯಲ್ಲಿಟ್ಟಿದ್ದ. ಅವನ ಎದುರಾಳಿ ಯಾಚಮನಾಯಕನ ಕಡೆಯವರು ಒಬ್ಬ ರಾಜಕುಮಾರನನ್ನು ಅಗಸನ ಬಟ್ಟೆಮೂಟೆಯಲ್ಲಿ ಸಾಗಿಸಿದರು ಅಂತ ಆ ಕಾಲದ ಪೋರ್ಚುಗೀಸ್ ಪತ್ರದಲ್ಲಿದೆ. ಅವಳಿಗೆ ಇದು ಗೊತ್ತೇ ಇರಲಿಲ್ಲ!

'ಹದಿನೈದು ಬೀಳಬೇಕು' ಅಂದೆ.

ಬಿದ್ದದ್ದು ಮೂರು. ಹೆಬ್ಬಾಗಿಲಲ್ಲಿ ಮೂಟೆ ಸೀನಿತು.

ಕಾವಲುಗಾರ ಇನ್ನೊಬ್ಬ ಆಟಗಾರನ ಮನುಷ್ಯ. ಅವನು ಮೂಟೆ ನೋಡಿದ, ಅವಳ ಮುಖ ನೋಡಿದ. 'ಎರಡು ಬೀಜ ಕೊಡು, ನಂಗೇನೂ ಕೇಳಿಸಲಿಲ್ಲ' ಅಂದ.

ಅವಳ ಮುಂದೆ ಉಳಿದಿದ್ದದ್ದೇ ಎರಡು. ಎರಡನ್ನೂ ಅವನ ಕಡೆ ತಳ್ಳಿದಳು.